ಎರೆ ಹೊಲಕ್ಕೆ ಬಂದ ಕಡಲಪಾಚಿ

ಆದವಾನಿಯ ಮಾರ್ಕೆಟ್ಟಿಗೆ ಹತ್ತಿ ಹಾಕಲು ಹೋಗಿದ್ದ ಸೋದರಮಾವ ಬರುವಾಗ ಒಂದು ಬಾಟಲಿ ತಂದಿದ್ದರು. ಒಳಗೆ ಬೆಲ್ಲದ ಪಾಕದಂಥ ಕಂದು ರಸ. ಚೀಟಿಯ ಮೇಲೆ ತೆಲುಗಿನಲ್ಲಿ ದೊಡ್ಡಕ್ಷರದಲ್ಲಿ ‘ಸಮುದ್ರಪು ನಾಚು’ ಎಂದಿತ್ತು. ಕರ್ನೂಲು ಜಿಲ್ಲೆಯ ಆಲೂರಿನ ಸುತ್ತಮುತ್ತ ನಾವು ಮನೆಯೊಳಗೆ ಕನ್ನಡ, ಅಂಗಡಿಯ ಮುಂದೆ ತೆಲುಗು ಆಡುವ ಜನ. ನಾಚು ಎಂದರೆ ನಮ್ಮ ಹಾವಸೆ ಎಂದು ಮಾವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವರಿಗೆ ತಿಳಿಯದೆ ಹೋದದ್ದು ಬೇರೆ.

“ಅಳಿಯಾ, ಸಮುದ್ರದಾಗಿನ ಹಾವಸಿ ತಂದು ಉಳ್ಳಾಗಡ್ಡಿಗೆ ಹೊಡಿ ಅಂತಾನ ಅಂಗಡಿಯಾವ. ಉಪ್ಪು ಬಿದ್ದು ಹೊಲ ಚೌಳು ಆಗಂಗಿಲ್ಲೇನು?”

ತುಂಗಭದ್ರೆಯ ಕೆಳಮಟ್ಟದ ಕಾಲುವೆ ಬಂದ ಮೇಲೆ ನೀರು ನಿಂತು ಬೆಳ್ಳಗೆ ಉಪ್ಪೊಡೆದ ಹೊಲಗಳನ್ನು ಕಂಡವರ ಪ್ರಶ್ನೆ ಇದು. ಆ ದಿನ ನಾನು ಕೊಟ್ಟ ಉತ್ತರ ನನಗೇ ಸಾಲಲಿಲ್ಲ. ಅದಕ್ಕೇ ಈ ವಾರದ ಬರಹ.

ನಮ್ಮೂರಿಗೆ ಪಡುವಣ ಕಡಲು ಕಾರವಾರದಲ್ಲಿ, ಮೂಡಣ ಕಡಲು ಒಂಗೋಲಿನ ಆಚೆ. ಎರಡೂ ಮುನ್ನೂರು ಕಿಲೋಮೀಟರಿಗಿಂತ ದೂರ. ಬಾವಿಯ ಮೆಟ್ಟಿಲಿನ ಮೇಲೆ ಕಾಲು ಜಾರಿಸುವ ಹಾವಸೆಯನ್ನಷ್ಟೇ ನೋಡಿದ ನಮಗೆ ಕಡಲಪಾಚಿ ಎಂದರೆ ಅದರದೇ ದೊಡ್ಡ ರೂಪ ಎಂದು ತೋಚುವುದು ಸಹಜ. ನೆಂಟಸ್ತನ ಇರುವುದೂ ನಿಜ. ಆದರೆ ಕಡಲಪಾಚಿಯಲ್ಲಿ ಅಂಗೈಯಗಲದ ಹಾಳೆಯಂಥವು, ದ್ರಾಕ್ಷಿಗೊಂಚಲಿನಂಥವು, ಬೀಸಣಿಗೆಯಂಥವು ಇವೆ. ತಣ್ಣನೆಯ ಕಡಲುಗಳಲ್ಲಿ ತೆಂಗಿನ ಮರಕ್ಕಿಂತ ಉದ್ದ ಬೆಳೆದು ನೀರೊಳಗೆ ಕಾಡಿನಂತೆ ನಿಲ್ಲುವವೂ ಇವೆ. ಯಾವುದಕ್ಕೂ ಬೇರಿಲ್ಲ, ಹೂವಿಲ್ಲ, ಬೀಜವಿಲ್ಲ. ಬೇರಿನಂತೆ ಕಾಣುವುದು ಬಂಡೆಯನ್ನು ಅವುಚಿ ಹಿಡಿಯುವ ಹಿಡಿಕೆ, ಅಷ್ಟೆ. ಬೇಕಾದ ಆಹಾರವನ್ನೆಲ್ಲ ಪಾಚಿ ತನ್ನ ಇಡೀ ಮೈಯಿಂದ, ಸುತ್ತಲ ನೀರಿನಿಂದಲೇ ಹೀರಿಕೊಳ್ಳುತ್ತದೆ. ಕಡಲಿನಲ್ಲಿ ಕರಗಿರುವ ಪೊಟ್ಯಾಷ್, ಅಯೋಡಿನ್, ಸತುವು ಅದರ ಮೈಯಲ್ಲಿ ಸೇರಿಕೊಂಡಿರುವುದು ಹೀಗೆ.

ಬಣ್ಣ ನೋಡಿ ಇವುಗಳನ್ನು ಮೂರು ಕುಲ ಮಾಡುತ್ತಾರೆ. ಹಸಿರು ಪಾಚಿ ನಮ್ಮ ನೆಲದ ಗಿಡಗಳಿಗೆ ಹತ್ತಿರದ ಬಳಗ. ಕಂದು ಪಾಚಿಗಳು ಆ ಬಳಗವೇ ಅಲ್ಲ, ಪ್ರತ್ಯೇಕ ವಂಶ. ಅವುಗಳಲ್ಲಿ ಸರ್ಗಾಸಮ್ ಎಂಬುದು ಮೈತುಂಬ ಗಾಳಿಗುಳ್ಳೆ ಕಟ್ಟಿಕೊಂಡು ನೆಟ್ಟಗೆ ನಿಲ್ಲುತ್ತದೆ. ಕೆಂಪು ಪಾಚಿಗಳಲ್ಲಿ ದಡದ ಬಳಿ ಬದುಕುವವೂ ಇವೆ, ಬಹಳ ಆಳದಲ್ಲಿ ಬದುಕುವವೂ ಇವೆ. ನೀರಿನ ಕೆಳಗೆ ಹೋದಂತೆ ಬಿಸಿಲಿನ ಕೆಂಪು ಪಾಲು ಮೊದಲು ಅಳಿದುಹೋಗಿ ನೀಲಿ, ಹಸಿರು ಪಾಲು ಹೆಚ್ಚಾಗಿ ತಲುಪುತ್ತದೆ. ಆ ಬೆಳಕನ್ನು ಹಿಡಿದು ಉಣ್ಣಬಲ್ಲ ಕೆಂಪು ಬಣ್ಣದ ಕಣಗಳು ಈ ಪಾಚಿಯಲ್ಲಿವೆ. ಭಾರತದ ಕರಾವಳಿಯಲ್ಲಿ 844 ಜಾತಿಗಳನ್ನು ಗುರುತಿಸಿದ್ದಾರೆ. ಮಳೆಗಾಲ ಕಳೆದ ಮೇಲೆ ಕಡಲು ಇಳಿದ ಹೊತ್ತಿನಲ್ಲಿ ಕಾರವಾರದಲ್ಲೋ ಮಂಗಳೂರಿನ ಸೋಮೇಶ್ವರದಲ್ಲೋ ಬಂಡೆಗಳ ಬಳಿ ನಿಂತರೆ ಒಂದಷ್ಟನ್ನು ನೀವೇ ಕಾಣಬಹುದು.

ಇನ್ನು ಮಾವನ ಬಾಟಲಿಗೆ ಬರೋಣ. ನಮ್ಮ ದೇಶದಲ್ಲಿ ತಯಾರಾಗುವ ಇಂಥ ರಸದ ಬಹುಪಾಲು ಕಪ್ಪಾಫೈಕಸ್ ಅಲ್ವರೇಝಿ ಎಂಬ ಕೆಂಪು ಪಾಚಿಯದು. ಅದು ಈ ನಾಡಿನದಲ್ಲ. ಮೂಲ ಫಿಲಿಪ್ಪೀನ್ಸ್, 1984ರಲ್ಲಿ ಜಪಾನಿನಿಂದ ಅದರ ಸಣ್ಣ ತುಂಡುಗಳನ್ನು ತರಿಸಿ ಗುಜರಾತಿನ ಓಖಾದ ಕಡಲಿನಲ್ಲಿ ಬೆಳೆಸಿ ನೋಡಿದ್ದು ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ. 2000ದ ಆಸುಪಾಸಿನಲ್ಲಿ ಪೆಪ್ಸಿ ಕಂಪನಿ ತಮಿಳುನಾಡಿನ ಮಂಡಪಂ ಬಳಿ ಇದರ ಸಾಗುವಳಿ ಹಿಡಿಯಿತು. ಅಲ್ಲಿಯ ಹೆಂಗಸರ ಸ್ವಸಹಾಯ ಸಂಘಗಳು ಮೂರು ಮೀಟರ್ ಉದ್ದಗಲದ ಬಿದಿರಿನ ತೆಪ್ಪ ಕಟ್ಟಿ, ಹಗ್ಗಕ್ಕೆ ಪಾಚಿಯ ತುಂಡುಗಳನ್ನು ಮಲ್ಲಿಗೆ ದಂಡೆಯಂತೆ ಪೋಣಿಸಿ, ಅಲೆಯ ಮೇಲೆ ತೇಲಿಬಿಟ್ಟರು. ನಲವತ್ತೈದು ದಿನಕ್ಕೆ ಕೊಯ್ಲು. ನೀರು ಹಾಯಿಸುವುದಿಲ್ಲ, ಗೊಬ್ಬರ ಹಾಕುವುದಿಲ್ಲ, ಎಣ್ಣೆ ಹೊಡೆಯುವುದಿಲ್ಲ.

ಭಾವನಗರದವರ ಜಾಣತನ ಇದರ ಮುಂದಿನ ಹೆಜ್ಜೆಯಲ್ಲಿದೆ. ಮೊದಲು ಈ ಪಾಚಿಯನ್ನು ಒಣಗಿಸಿ, ಕ್ಯಾರಗೀನನ್ ಎಂಬ ಅಂಟು ತೆಗೆಯಲಷ್ಟೇ ಮಾರುತ್ತಿದ್ದರು. ಒಣಗುವಾಗ ರಸವೆಲ್ಲ ಮರಳಿಗೆ ಸೋರಿ ಹೋಗುತ್ತಿತ್ತು. ಹಸಿಯಾಗಿರುವಾಗಲೇ ಅರೆದು ಹಿಂಡಿದರೆ ರಸ ಬೇರೆ, ಹಿಪ್ಪೆ ಬೇರೆ. ರಸ ಹೊಲಕ್ಕೆ, ಹಿಪ್ಪೆ ಅಂಟಿನ ಕಾರ್ಖಾನೆಗೆ. ಈ ಜೋಡಿ ವಿಧಾನಕ್ಕೆ ಸಂಸ್ಥೆಗೆ 2005ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಇಫ್ಕೋ ಸಹಕಾರ ಸಂಸ್ಥೆ ‘ಸಾಗರಿಕಾ’ ಎಂದು ಮಾರುವ ದ್ರವ ಈ ಸಂಶೋಧನೆಯ ಫಲವೇ. ಅಂಗಡಿಯಲ್ಲಿ ಸಿಗುವ ಬೇರೆ ಕೆಲವು ಬಾಟಲಿಗಳಲ್ಲಿ ಇರುವುದು ಆಸ್ಕೊಫಿಲಮ್ ಎಂಬ ಕಂದು ಪಾಚಿ. ಅದು ಕೆನಡಾ, ಐರ್ಲೆಂಡ್, ನಾರ್ವೆಗಳ ಚಳಿಯ ಕಡಲಿನದು.

ರಸದಲ್ಲಿ ಏನಿದೆ? ಗಿಡವನ್ನು ಚಿಗುರಿಸುವ, ಬೇರೊಡೆಸುವ ಸೈಟೊಕೈನಿನ್, ಆಕ್ಸಿನ್‌ನಂಥ ಚೋದಕಗಳು ತೀರ ಸಣ್ಣ ಪ್ರಮಾಣದಲ್ಲಿವೆ. ಬಿಸಿಲು, ನೀರಿನ ಕೊರತೆಗಳನ್ನು ಗಿಡ ತಡೆದುಕೊಳ್ಳಲು ನೆರವಾಗುವ ಬೀಟೇನ್ ಎಂಬ ವಸ್ತು ಇದೆ. ಪೊಟ್ಯಾಷ್ ಇದೆ, ಒಂದಿಷ್ಟು ಲಘು ಪೋಷಕಾಂಶಗಳಿವೆ. ಮಾವನ ಉಪ್ಪಿನ ಭಯಕ್ಕೆ ಉತ್ತರವೂ ಇಲ್ಲೇ ಸಿಗುತ್ತದೆ. ರಸದಲ್ಲಿ ಉಪ್ಪಿನಂಶ ಇದ್ದರೂ ಈ ಪಾಚಿಯಲ್ಲಿ ಅದರ ದೊಡ್ಡ ಪಾಲು ಪೊಟ್ಯಾಷಿನದು. ಸಾಮಾನ್ಯವಾಗಿ ಲೀಟರ್ ನೀರಿಗೆ ಬೆರೆಸುವುದು ಎರಡು ಎರಡೂವರೆ ಮಿಲಿ. ಒಂದು ಪಂಪಿನ ಟ್ಯಾಂಕಿಗೆ ಚಹಾದ ಲೋಟದ ಅರ್ಧವೂ ಬೀಳದು. ಅಷ್ಟಕ್ಕೆ ಯಾವ ಹೊಲವೂ ಚೌಳಾಗುವುದಿಲ್ಲ. ಕರಾವಳಿಯವರು ದಡಕ್ಕೆ ಬಿದ್ದ ಹಸಿ ಪಾಚಿಯನ್ನೇ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹಾಕುವುದುಂಟು. ಅವರಿಗೆ ಉಪ್ಪು ತೊಳೆದುಹೋಗುವಷ್ಟು ಮಳೆ ಇದೆ. ನಮ್ಮ ಎರೆ ನೆಲಕ್ಕೆ ಆ ಪದ್ಧತಿ ತಂದರೆ ಮಾವ ಹೆದರಿದ್ದೇ ಸರಿಯಾದೀತು.

ಆದರೆ ಅಂಗಡಿಯವ ಹೇಳಿದ್ದೆಲ್ಲ ಸರಿಯಲ್ಲ. ಇದನ್ನು ಹೊಡೆದರೆ ಡಿಎಪಿ, ಯೂರಿಯಾ ಬೇಡ ಎಂದಿದ್ದಾನಂತೆ. ಬೇಕು. ಗಿಡದ ಹೊಟ್ಟೆ ತುಂಬಿಸುವಷ್ಟು ಸಾರಜನಕ, ರಂಜಕ ಈ ರಸದಲ್ಲಿಲ್ಲ. ಕಾನೂನಿನ ಭಾಷೆಯಲ್ಲಿ ಇದು ‘ಜೈವಿಕ ಉತ್ತೇಜಕ’: ಗಿಡದ ಹಸಿವು, ತಡೆಯುವ ಶಕ್ತಿ ಹೆಚ್ಚಿಸುವಂಥದ್ದು. ಉಂಡ ಅನ್ನ ಮೈಗೆ ಹತ್ತುವಂತೆ ಮಾಡುವ ಕಷಾಯಕ್ಕೂ ಅನ್ನಕ್ಕೂ ಇರುವಷ್ಟು ಅಂತರ. ಬುಡದಲ್ಲಿ ಹಸಿ ಇಲ್ಲದ, ತಿಪ್ಪೆಗೊಬ್ಬರ ಕಾಣದ ನೆಲದಲ್ಲಿ ಬರೀ ಕಷಾಯ ಕುಡಿಸಿ ಫಲವಿಲ್ಲ. ಸ್ವಲ್ಪ ಹಸಿ ಇದ್ದು, ನಡುವೆ ಹತ್ತು ಹದಿನೈದು ದಿನ ಮಳೆ ಕೈಕೊಟ್ಟಾಗ ಅದು ಕೆಲಸ ಮಾಡುತ್ತದೆ. ಆಲೂರು, ಆಸ್ಪರಿ, ಹೊಳಗುಂದದ ಕಡೆ ಶೇಂಗಾ ಹಾಕುವವರಿಗೆ ಅಂಥ ಹದಿನೈದು ದಿನ ಎಂದರೇನು ಎಂದು ನಾನು ಹೇಳಬೇಕಾಗಿಲ್ಲ.

ಇದರಲ್ಲಿ ಮೋಸವೂ ನಡೆಯುತ್ತದೆ. ಮೂರು ವರ್ಷದ ಹಿಂದೆ ನಮ್ಮ ಮನೆಗೇ ಅಂಥದೊಂದು ಬಾಟಲಿ ಬಂದಿತ್ತು. ಮುಚ್ಚಳ ತೆಗೆದರೆ ಕಡಲಿನ ವಾಸನೆಯ ಬದಲು ಮೂಗು ಸುಡುವ ಎಣ್ಣೆಯ ಘಾಟು. ಮೆಣಸಿನ ಗಿಡ ಎರಡು ದಿನ ಮಿಂಚಿ ಆಮೇಲೆ ಮುದುಡಿಕೊಂಡಿತು. ಬಿಲ್ ಇರಲಿಲ್ಲವಾದ್ದರಿಂದ ಕೇಳುವ ದಾರಿಯೂ ಇರಲಿಲ್ಲ. ಬಹಳ ವರ್ಷ ಈ ಬಾಟಲಿಗಳು ಯಾವ ಕಾನೂನಿನ ಹಿಡಿತಕ್ಕೂ ಬಂದಿರಲಿಲ್ಲ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರ ರಸಗೊಬ್ಬರ ನಿಯಂತ್ರಣ ಆದೇಶಕ್ಕೆ ತಿದ್ದುಪಡಿ ತಂದು ಜೈವಿಕ ಉತ್ತೇಜಕಗಳನ್ನು, ಅವುಗಳ ಜೊತೆ ಕಡಲಪಾಚಿಯ ರಸವನ್ನು, ಅದರೊಳಗೆ ಸೇರಿಸಿತು. ಈಗ ಒಳಗೆ ಏನು ಎಷ್ಟಿದೆ ಎಂದು ಚೀಟಿಯ ಮೇಲೆ ಬರೆಯಲೇಬೇಕು, ಕೀಟನಾಶಕ ಬೆರೆಸುವಂತಿಲ್ಲ. ಪಾಚಿಯ ಜಾತಿಯ ಹೆಸರು, ಬ್ಯಾಚ್ ನಂಬರು, ತಯಾರಿಸಿದ ದಿನ ಇಲ್ಲದ ಬಾಟಲಿಯನ್ನು ಮುಟ್ಟಬೇಡಿ. ಅಂಗಡಿಯವ ಎಷ್ಟೇ ಬೇಕಾದವನಾಗಿರಲಿ, ಬಿಲ್ ಕೇಳಿ ತೆಗೆದುಕೊಳ್ಳಿ.

ಹಿಂಡಿ ಉಳಿದ ಹಿಪ್ಪೆ ಕಾರ್ಖಾನೆಗೆ ಹೋಗುತ್ತದೆ ಎಂದೆನಲ್ಲ. ಅದರ ಅಂಟು ನಮಗೆ ಗೊತ್ತಿಲ್ಲದಂತೆ ನಮ್ಮ ಮನೆಗೂ ಬಂದಿದೆ. ಐಸ್‌ಕ್ರೀಮಿನಲ್ಲಿ ನೀರು ಬಿಡದಂತೆ, ಚಾಕಲೇಟ್ ಹಾಲಿನಲ್ಲಿ ಪುಡಿ ತಳಕ್ಕಿಳಿಯದಂತೆ, ಟೂತ್‌ಪೇಸ್ಟು ಕೊಳವೆಯಿಂದ ನೀರಾಗಿ ಹರಿಯದಂತೆ ಹಿಡಿದಿಡುವ ಕೆಲಸ ಈ ಕ್ಯಾರಗೀನನ್ನಿನದು. ಕಂದು ಪಾಚಿಯ ಅಂಟು ಆಲ್ಜಿನೇಟ್ ಎಂಬುದು ಇನ್ನೊಂದು. ಹತ್ತಿಯ ಊರಿನವರಾದ ನಾವು ಅದನ್ನು ತಿಳಿದಿರಬೇಕು: ಹತ್ತಿ ಬಟ್ಟೆಯ ಮೇಲೆ ಅಚ್ಚೊತ್ತುವ ರಿಯಾಕ್ಟಿವ್ ಬಣ್ಣಗಳನ್ನು ಗಂಜಿಯಲ್ಲಿ ಕಲಸಿದರೆ ಬಣ್ಣ ಗಂಜಿಗೇ ಹತ್ತಿಬಿಡುತ್ತದೆ; ಆಲ್ಜಿನೇಟಿನಲ್ಲಿ ಕಲಸಿದರೆ ಬಣ್ಣ ಗೆರೆ ದಾಟದೆ ನೂಲಿಗೆ ಹಿಡಿಯುತ್ತದೆ. ಆದವಾನಿಯ ಜಿನ್ನುಗಳಿಂದ ಹೋದ ಹತ್ತಿ ಹೂವಿನ ಸೀರೆಯಾಗಿ ಮರಳುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಕಡಲಪಾಚಿಯನ್ನು ಮುಟ್ಟಿ ಬಂದಿರುವುದು ಸಾಧ್ಯ. ಹಲ್ಲಿನ ಡಾಕ್ಟರು ಕಟ್ಟುಹಲ್ಲಿಗೆ ಅಳತೆ ತೆಗೆಯಲು ಬಾಯಿಗೆ ಒತ್ತುವ ಮೆತ್ತನೆಯ ಮುದ್ದೆಯೂ ಇದೇ.

ಮೂರನೆಯ ಅಂಟು ಅಗರ್. ನನಗೆ ಎಲ್ಲಕ್ಕಿಂತ ಪ್ರಿಯವಾದ ಕತೆ ಇದರದು. ರಂಜಾನ್ ತಿಂಗಳಲ್ಲಿ ಹಾಲಿಗೆ ಹಾಕಿ ಕಾಸಿ, ತಣಿಸಿ, ಚೌಕಚೌಕವಾಗಿ ಕೊಯ್ದು ಕೊಡುತ್ತಾರಲ್ಲ, ಆ ಚೈನಾ ಗ್ರಾಸ್ ಅದೇ. ಹೆಸರಿನಲ್ಲಿ ಹುಲ್ಲಿದ್ದರೂ ಕೆಂಪು ಪಾಚಿ. 1881ರ ಸುಮಾರಿಗೆ ಜರ್ಮನಿಯಲ್ಲಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ವಾಲ್ಟರ್ ಹೆಸ್ಸೆ ಎಂಬ ವೈದ್ಯರು ರೋಗಾಣುಗಳನ್ನು ಬೆಳೆಸಿ ನೋಡಲು ಹೆಣಗುತ್ತಿದ್ದರು. ದನದ ಮೂಳೆ, ಚರ್ಮದಿಂದ ಮಾಡಿದ ಜೆಲಟಿನ್ನಿನ ಮೇಲೆ ಅವನ್ನು ಬಿತ್ತುತ್ತಿದ್ದರು. ಬೇಸಿಗೆ ಬಂದೊಡನೆ ಜೆಲಟಿನ್ ಕರಗಿ ನೀರು; ಎಷ್ಟೋ ರೋಗಾಣುಗಳು ಅದನ್ನೇ ತಿಂದು ಕರಗಿಸುತ್ತಿದ್ದವು. ಅವರ ಹೆಂಡತಿ ಫ್ಯಾನಿ ಹೆಸ್ಸೆ ಗಂಡನ ಕೆಲಸದಲ್ಲಿ ನೆರವಾಗುತ್ತ, ನೋಡಿದ್ದನ್ನು ಚಿತ್ರ ಬರೆದು ಕೊಡುತ್ತಿದ್ದವರು. ನೀನು ಮಾಡುವ ಸಿಹಿ ಬೇಸಿಗೆಯಲ್ಲೂ ಹೇಗೆ ಕರಗದೆ ನಿಲ್ಲುತ್ತದೆ ಎಂದು ಗಂಡ ಕೇಳಿದಾಗ ಅವರು ಹೇಳಿದ್ದು ಅಗರ್. ಜಾವಾದಲ್ಲಿ ಇದ್ದು ಬಂದ ಡಚ್ ನೆರೆಯವರಿಂದ ಅದರ ಬಳಕೆ ಅವರಿಗೆ ತಿಳಿದಿತ್ತು. ಕುದಿಯುವ ನೀರಿಗೆ ಸಮೀಪದ ಕಾವು ತಾಗಿದರೆ ಮಾತ್ರ ಕರಗುವ, ಒಮ್ಮೆ ಹೆಪ್ಪುಗಟ್ಟಿದರೆ ನಮ್ಮ ಮೇ ತಿಂಗಳ ಬಿಸಿಲಿಗೂ ಅಲುಗದ ಗಟ್ಟಿ. ಅಲ್ಲಿಂದೀಚೆಗೆ ಲೋಕದ ಪ್ರಯೋಗಾಲಯಗಳೆಲ್ಲ ಅದರ ಮೇಲೇ ನಡೆದವು. ಮೂತ್ರದ ಕಲ್ಚರ್ ಟೆಸ್ಟಿಗೆ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದು ನಾವು ಕರ್ನೂಲಿಗೋ ಬಳ್ಳಾರಿಗೋ ಹೋದರೆ, ಅಲ್ಲಿಯ ಗಾಜಿನ ತಟ್ಟೆಯಲ್ಲಿ ನಮ್ಮ ಕಾಯಿಲೆಯ ಮೂಲ ಬೆಳೆದು ಕಾಣಿಸಿಕೊಳ್ಳುವುದು ಕಡಲಪಾಚಿಯ ಹೆಪ್ಪಿನ ಮೇಲೆ. ಅಡುಗೆಮನೆಯ ಅರಿವನ್ನು ಪ್ರಯೋಗಾಲಯಕ್ಕೆ ದಾಟಿಸಿದ ಆ ಹೆಣ್ಣುಮಗಳ ಹೆಸರಿಗೆ ಆ ಕಾಲದ ಪ್ರಬಂಧಗಳಲ್ಲಿ ಜಾಗ ಸಿಗಲಿಲ್ಲ. ನಮ್ಮ ಶಾಲೆಯ ಪಾಠದಲ್ಲಾದರೂ ಸಿಗಬೇಕು ಎಂಬುದು ನನ್ನ ಆಸೆ.

ಅಯೋಡಿನ್ ಸಿಕ್ಕಿದ್ದೂ ಪಾಚಿಯಿಂದಲೇ. 1811ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಕೂರ್ಟ್ವಾ ಮದ್ದಿನುಪ್ಪು ಮಾಡಲೆಂದು ಕಡಲಪಾಚಿಯ ಬೂದಿಗೆ ಗಂಧಕಾಮ್ಲ ಹೆಚ್ಚಾಗಿ ಸುರಿದಾಗ ನೇರಳೆ ಹೊಗೆ ಎದ್ದಿತು. ಈಗ ಪಾಕೆಟ್ ಉಪ್ಪಿಗೆ ಬೆರೆಸುವ ಅಯೋಡಿನ್ ಹೆಚ್ಚಾಗಿ ಬೇರೆ ಮೂಲಗಳದು. ಪಾಚಿಯನ್ನೇ ತಿನ್ನುವ ಜಪಾನ್, ಕೊರಿಯಾಗಳ ಊಟದ ಸಂಗತಿ ಇನ್ನೊಂದು ಬರಹವನ್ನೇ ಬೇಡುತ್ತದೆ. ಒಂದು ಮಾತು ಮಾತ್ರ: ಕಡಲಪಾಚಿಯ ಮಾತ್ರೆ ಎಂದು ಮಾರುವವರು ಮನೆಬಾಗಿಲಿಗೆ ಬಂದರೆ, ಥೈರಾಯಿಡ್ ತೊಂದರೆ ಇರುವವರು ಡಾಕ್ಟರನ್ನು ಕೇಳದೆ ನುಂಗಬಾರದು. ಅಯೋಡಿನ್ ಕಡಿಮೆಯಾದರೆ ಹೇಗೋ ಹೆಚ್ಚಾದರೂ ಹಾಗೇ ಕೆಡುಕು.

ಲೋಕದಲ್ಲಿ ವರ್ಷಕ್ಕೆ ಮೂರೂವರೆ ಕೋಟಿ ಟನ್ನಿನಷ್ಟು ಹಸಿ ಪಾಚಿ ದೊರೆಯುತ್ತದೆ, ಅರ್ಧಕ್ಕಿಂತ ಹೆಚ್ಚು ಚೀನಾದ್ದೇ. ಇದರಲ್ಲಿ ಭಾರತದ ಪಾಲು ಲೆಕ್ಕಕ್ಕೆ ಬಾರದಷ್ಟು. ಆ ಸಣ್ಣ ಪಾಲಿನ ಹಿಂದೆ ಇರುವ ಕೈಗಳು ಯಾರವು ಎಂಬುದು ನಮಗೆ ಗೊತ್ತಿರಲಿ. ರಾಮನಾಥಪುರ ಜಿಲ್ಲೆಯ ಮನ್ನಾರ್ ಕೊಲ್ಲಿಯಲ್ಲಿ ಮೀನುಗಾರರ ಮನೆಯ ಹೆಂಗಸರು ತಲೆಮಾರುಗಳಿಂದ ಮುಳುಗಿ ಪಾಚಿ ಕೀಳುತ್ತಾರೆ. ಕಣ್ಣಿಗೆ ಕನ್ನಡಕ, ಬಂಡೆ ಕೊಯ್ಯದಂತೆ ಬೆರಳಿಗೆ ಸುತ್ತಿದ ಬಟ್ಟೆ, ಸೊಂಟಕ್ಕೆ ಕಟ್ಟಿದ ಬಲೆಚೀಲ. ಉಸಿರು ಬಿಗಿಹಿಡಿದು ಇಳಿಯುತ್ತಾರೆ, ಕಿತ್ತು ಏರುತ್ತಾರೆ, ಮತ್ತೆ ಇಳಿಯುತ್ತಾರೆ. ಅವರು ಪಾಚಿಗೆ ‘ಪಾಸಿ’ ಎನ್ನುತ್ತಾರೆ. ನಮ್ಮ ಪಾಚಿಯ ಒಡಹುಟ್ಟಿದ ಪದ. ಗಂಜಿಗೆ ಹಾಕುವುದು ಕಂಜಿ ಪಾಸಿ, ದವನದ ಕಡ್ಡಿಯಂತೆ ಕಾಣುವುದು ಮರಿಕೊಳುಂದು ಪಾಸಿ. ಅಗರ್ ತೆಗೆಯುವುದು ಇವೆರಡರಿಂದಲೂ. 1953ರ ಅಕ್ಟೋಬರ್ 1ರವರೆಗೆ ಆಲೂರು ಬಳ್ಳಾರಿ ಜಿಲ್ಲೆಯ ತಾಲೂಕು. ರಾಮನಾಥಪುರವೂ ನಾವೂ ಒಂದೇ ಮದ್ರಾಸಿನ ಆಡಳಿತದಲ್ಲಿ ಇದ್ದವರು. ಮದ್ರಾಸಿನ ಸಸ್ಯವಿಜ್ಞಾನಿ ಎಂ.ಒ.ಪಿ. ಅಯ್ಯಂಗಾರ್ 1927ರಲ್ಲೇ ಮನ್ನಾರ್ ಕೊಲ್ಲಿಯ ಕ್ರುಸಡೈ ದ್ವೀಪದ ಪಾಚಿಗಳ ಬಗ್ಗೆ ಬರೆದಿದ್ದರು. ಆ ಹೆಂಗಸರ ವಿಷಯ ಹೊರಲೋಕಕ್ಕೆ ತಿಳಿಯಲು ಇನ್ನೂ ಬಹಳ ಕಾಲ ಹಿಡಿಯಿತು.

1986ರಲ್ಲಿ ಆ ಕೊಲ್ಲಿಯ 21 ದ್ವೀಪಗಳನ್ನು ಸಾಗರ ರಾಷ್ಟ್ರೀಯ ಉದ್ಯಾನವೆಂದು ಘೋಷಿಸಿದ ಮೇಲೆ ಇವರ ಕಸುಬಿಗೆ ಅಡ್ಡಿ ಬಂತು. ಹವಳದ ದಿಬ್ಬಗಳನ್ನು ಉಳಿಸಬೇಕಾದದ್ದು ನಿಜ, ಇವರ ಹೊಟ್ಟೆಪಾಡೂ ನಿಜ. ಇವರು ತಾವೇ ಕೂತು ನಿಯಮ ಮಾಡಿಕೊಂಡರು: ತಿಂಗಳಿಗೆ ಹನ್ನೆರಡು ದಿನ ಮಾತ್ರ ಕೀಳುವುದು, ಉಳಿದ ದಿನ ಪಾಚಿ ಚಿಗುರಲು ಬಿಡುವುದು. ಇವರನ್ನು ಸಂಘಟಿಸಿದವರಲ್ಲಿ ಒಬ್ಬರಾದ ಚಿನ್ನಪಾಲಂ ಊರಿನ ಲಕ್ಷ್ಮಿ ಮೂರ್ತಿ ಅವರಿಗೆ ದ್ವೀಪಗಳ ಪರಿಸರ ಕಾಯುವವರಿಗೆ ಕೊಡುವ ಸೀಕಾಲಜಿ ಪ್ರಶಸ್ತಿ 2015ರಲ್ಲಿ ಬಂತು. ನೋವಿನ ಸಂಗತಿಯೆಂದರೆ, ಕಡಲಿನ ಕಾವು ಅವರ ನಿಯಮ ಕೇಳುವುದಿಲ್ಲ. 2013–14ರಲ್ಲಿ ನೀರು ಕಾದು ತೆಪ್ಪಗಳ ಮೇಲಿನ ಕಪ್ಪಾಫೈಕಸ್ ರಾಶಿರಾಶಿಯಾಗಿ ಕೊಳೆತುಹೋಯಿತು. ಹೊರಗಿನಿಂದ ತಂದ ಅದೇ ಪಾಚಿ ಕ್ರುಸಡೈ ದ್ವೀಪದಲ್ಲಿ ಹವಳದ ಮೇಲೆ ಹಬ್ಬಿಕೊಂಡಿದೆ ಎಂದು 2008ರಲ್ಲಿ ವಿಜ್ಞಾನಿಗಳು ಎಚ್ಚರಿಸಿದ್ದರು. ಈಗ ಸರಕಾರ ಅದೇ ಜಿಲ್ಲೆಯ ವಲಮಾವೂರಿನಲ್ಲಿ 127 ಕೋಟಿ ರೂಪಾಯಿಯ ಕಡಲಪಾಚಿ ಪಾರ್ಕ್ ಕಟ್ಟಿಸುತ್ತಿದೆ. ನಮ್ಮ ನಾಡಿನದೇ ಪಾಚಿಗಳ ಒಳ್ಳೆಯ ತಳಿ ಬೆಳೆಸುವುದಕ್ಕೆ ಅಲ್ಲಿ ಮೊದಲ ಜಾಗ ಸಿಗಬೇಕು, ಬೆಲೆ ಕಟ್ಟುವಾಗ ಮುಳುಗುವ ಹೆಂಗಸರ ಮಾತಿಗೆ ತೂಕ ಇರಬೇಕು ಎಂದು ನಾನು ಬಯಸುತ್ತೇನೆ. ಕರ್ನಾಟಕದ ಕರಾವಳಿಯಲ್ಲಿ ತೆಪ್ಪದ ಸಾಗುವಳಿ ತಮಿಳುನಾಡಿನಲ್ಲಿದ್ದಷ್ಟು ಸುಲಭವಲ್ಲ: ಮುಂಗಾರಿನ ಅಬ್ಬರಕ್ಕೆ ತೆಪ್ಪ ನಿಲ್ಲದು, ಕಾಳಿ ಶರಾವತಿಯಂಥ ಹೊಳೆಗಳ ಸಿಹಿನೀರು ಕೂಡಿದರೆ ಈ ಪಾಚಿ ಬದುಕದು.

ಇಷ್ಟೆಲ್ಲ ಹೇಳಿ ಮುಗಿಸುವಾಗ ಮಾವ ಪಡಸಾಲೆಯಲ್ಲಿ ಕೂತಿದ್ದರು. “ಏನೇ ಅನ್ನು, ನಮಗೂ ಸಮುದ್ರಕ್ಕೂ ಏನೂ ಸಂಬಂಧ ಇಲ್ಲ ಬಿಡು” ಎಂದರು. ಕೆಳಗೆ ಹಾಸಿದ್ದು ಬೇತಂಚೆರ್ಲದ ಬಂಡೆ. ನಮ್ಮ ಜಿಲ್ಲೆಗಳ ಮನೆಮನೆಯಲ್ಲಿರುವ ಆ ಸುಣ್ಣಗಲ್ಲು ಒಂದು ಕಾಲಕ್ಕೆ ಆಳವಿಲ್ಲದ ಕಡಲಿನ ತಳದಲ್ಲಿ ಕೂತ ಕೆಸರು. ಅದಕ್ಕಿಂತ ಹಳೆಯ ವೇಂಪಲ್ಲೆ ಕಲ್ಲಿನ ಪದರ ಕಡಪದಿಂದ ಕರ್ನೂಲಿನ ಕಡೆಗೆ ಹಬ್ಬಿದೆ, ವಯಸ್ಸು ಸುಮಾರು 190 ಕೋಟಿ ವರ್ಷ. ಅದರಲ್ಲಿ ಅಡ್ಡ ಕೊಯ್ದ ಉಳ್ಳಾಗಡ್ಡಿಯಂತೆ ಸುತ್ತುಸುತ್ತಾಗಿ ಪದರಗಳು ಕಾಣುತ್ತವೆ. ಕಡಲಂಚಿನಲ್ಲಿ ಚಾಪೆಯಂತೆ ಹಬ್ಬಿದ ನೀಲಿಹಸಿರು ಪಾಚಿ ತನ್ನ ಮೇಲೆ ಕೂತ ಕೆಸರಿನ ಮೇಲೆ ಮತ್ತೆ ಬೆಳೆದು, ಮತ್ತೆ ಮುಚ್ಚಿಹೋಗಿ, ಹೀಗೆ ಕಟ್ಟಿದ ಕಲ್ಲುಗಳು ಅವು, ಹೆಸರು ಸ್ಟ್ರೊಮ್ಯಾಟೊಲೈಟ್. ಪಾಚಿ ಎಂದು ಕರೆದರೂ ಅವು ಬ್ಯಾಕ್ಟೀರಿಯಾದ ಕುಲ. ಇತ್ತ ಸಂಡೂರಿನ ದೋಣಿಮಲೈಯ ಕಲ್ಲುಗಳಲ್ಲಿ ಇನ್ನೂ ಹಳೆಯ, 260 ಕೋಟಿ ವರ್ಷದ ಸೂಕ್ಷ್ಮಜೀವಿಗಳ ಗುರುತನ್ನು ವಿಜ್ಞಾನಿಗಳು 1990ರಲ್ಲಿ ವರದಿ ಮಾಡಿದರು. ಆ ಕಾಲದ ಕಡಲಿನಲ್ಲಿ ಕಬ್ಬಿಣ ಕರಗಿ ನೀರಿನಲ್ಲೇ ಇತ್ತು. ಈ ಜೀವಿಗಳು ಬಿಟ್ಟ ಆಮ್ಲಜನಕ ತಾಗಿ ತುಕ್ಕಾಗಿ ತಳಕ್ಕಿಳಿಯಿತು ಎಂಬುದು ಅಂಥ ಕಬ್ಬಿಣದ ಪದರಗಳಿಗೆ ಬಹುಮಂದಿ ಒಪ್ಪುವ ವಿವರಣೆ. ಬಳ್ಳಾರಿಯ ಕೆಂಪು ದೂಳಿನ ಲಾರಿಗಳನ್ನು ನೋಡಿದಾಗಲೆಲ್ಲ ನನಗೆ ಅದು ನೆನಪಾಗುತ್ತದೆ. ಅದೇ ನೀಲಿಹಸಿರು ಬಳಗ ಇಂದಿಗೂ ನಮ್ಮ ಕಾಲುವೆ ಗದ್ದೆಗಳಲ್ಲಿ ಇದೆ. ನೆಲ್ಲಿಗೆ ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದು ಅದೇ ಎಂದು ವಿಜ್ಞಾನಿ ಪಿ.ಕೆ. ಡೇ 1939ರಲ್ಲಿ ತೋರಿಸಿದ್ದರು.

ಮಾವ ಬಗ್ಗಿ ಬಂಡೆಯ ಮೇಲೆ ಒಮ್ಮೆ ಅಂಗೈ ಆಡಿಸಿದರು. ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ, ಬಿಸಿಲು ಏರುವ ಮುಂಚೆ ಬಾಟಲಿಯ ಮೇಲೆ ಬರೆದಷ್ಟನ್ನೇ ಅಳೆದು ಹೊಡೆದೆವು. ನನ್ನ ಒತ್ತಾಯಕ್ಕೆ ನಡುವೆ ನಾಲ್ಕು ಸಾಲು ಬಿಟ್ಟು, ಎರಡೂ ತುದಿಗೆ ಔಡಲದ ಕಡ್ಡಿ ನೆಟ್ಟಿದ್ದಾರೆ. ಉಳಿದ ಗೊಬ್ಬರ, ನೀರು ಎಲ್ಲ ಸಮನಾಗಿ ಬೀಳಬೇಕು ಎಂದು ಮಾತಾಗಿದೆ. ಉಳ್ಳಾಗಡ್ಡಿ ಕೀಳುವ ದಿನ ಹೊಡೆದ ನಾಲ್ಕು ಸಾಲು, ಹೊಡೆಯದ ನಾಲ್ಕು ಸಾಲು ಬೇರೆ ಬೇರೆ ತೂಗಬೇಕು. ತಕ್ಕಡಿ ನೀನೇ ತಾ ಎಂದಿದ್ದಾರೆ.